ಪ್ಯಾಂಕ್ರಿಯಾಟೈಟಿಸ್ ಇಳಿದ ಮೇಲೆ ಪಿತ್ತಕೋಶದ ಆಪರೇಷನ್ ಯಾವಾಗ? ಡಿಸ್ಚಾರ್ಜ್‌ಗೆ ಮುನ್ನ ತಿಳಿದಿರಬೇಕಾದದ್ದು

ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿ, ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವಿನಿಂದ ಆಸ್ಪತ್ರೆ ಸೇರಿದವರಿಗೆ ನಾಲ್ಕೈದು ದಿನ ಸಲೈನ್ ಹಚ್ಚಿ, ನೋವು ಇಳಿದು, ಗಂಜಿ ಹೊಟ್ಟೆಯಲ್ಲಿ ನಿಂತ ಮೇಲೆ ಡಿಸ್ಚಾರ್ಜ್ ಕಾಗದ ಕೈಗೆ ಬರುತ್ತದೆ. ಅದರ ಕೊನೆಯಲ್ಲಿ ‘ಆರು ವಾರಗಳ ನಂತರ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಬರುವುದು’ ಎಂಬ ಸಾಲು ಇರುವುದುಂಟು. ಮನೆಯವರು ಔಷಧಿಯ ಪಟ್ಟಿಯನ್ನು ಎರಡು ಸಲ ಓದುತ್ತಾರೆ, ಈ ಸಾಲನ್ನು ಮಾತ್ರ ಮಡಚಿ ಚೀಲಕ್ಕೆ ಹಾಕುತ್ತಾರೆ. ಈ ಲೇಖನ ಆ ಒಂದು ಸಾಲಿನ ಕುರಿತಾದದ್ದು. ಕೆಲವು ರೋಗಿಗಳ ಮಟ್ಟಿಗೆ ಅದು ಸರಿಯಾದ ಸಲಹೆ. ಆದರೆ ಈ ಕಾಯಿಲೆಯಿಂದ ಬರುವ ಹೆಚ್ಚಿನವರ ಮಟ್ಟಿಗೆ ಅಷ್ಟು ದಿನ ಕಾಯುವುದೇ ಅಪಾಯ, ಮನೆಗೆ ಹೋಗುವ ಮೊದಲೇ ಆಪರೇಷನ್ ಮುಗಿಯಬೇಕು. ನೀವು ಯಾವ ಗುಂಪಿಗೆ ಸೇರಿದವರು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯುವುದು ಹೇಗೆ, ತಿಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಇದು ವೈದ್ಯರ ತೀರ್ಮಾನಕ್ಕೆ ಬದಲಿಯಲ್ಲ. ವಾರ್ಡಿನ ರೌಂಡ್ಸ್ ಸಮಯದಲ್ಲಿ ಸಿಗುವ ಎರಡು ನಿಮಿಷದಲ್ಲಿ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯದೆ ನಿಲ್ಲುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಕಾರಣ ಕಲ್ಲೇ ಎಂದು ಖಚಿತಪಡಿಸಿಕೊಳ್ಳಿ

ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ಪಿತ್ತಕೋಶ ಅದನ್ನು ಸ್ವಲ್ಪ ಕಾಲ ಕೂಡಿಟ್ಟು, ಊಟವಾದಾಗ ಹಿಂಡಿ ಕರುಳಿಗೆ ಬಿಡುವ ಒಂದು ಚಿಕ್ಕ ಚೀಲ ಮಾತ್ರ. ಆ ಚೀಲದಲ್ಲಿ ಹುಟ್ಟಿದ ಕಲ್ಲು ಜಾರಿ ಪಿತ್ತನಾಳಕ್ಕೆ ಇಳಿದು, ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಕೂಡಿ ಕರುಳಿಗೆ ತೆರೆಯುವ ಕಿರಿದಾದ ಬಾಯಲ್ಲಿ ಸಿಕ್ಕಿಕೊಂಡಾಗ, ಗ್ರಂಥಿಯ ರಸ ಹೊರಗೆ ಹರಿಯಲು ದಾರಿಯಿಲ್ಲದೆ ಒಳಗೇ ಉರಿಯೂತ ಏಳುತ್ತದೆ. ಇದನ್ನೇ ವೈದ್ಯರು ಗಾಲ್‌ಸ್ಟೋನ್ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತಾರೆ. ಬಹಳ ಸಲ ಕಲ್ಲು ತಾನಾಗಿಯೇ ಆ ಬಾಯನ್ನು ದಾಟಿ ಕರುಳಿಗೆ ಬಿದ್ದುಹೋಗುತ್ತದೆ, ನೋವೂ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಅದು ಹೊರಟುಬಂದ ಚೀಲದಲ್ಲಿ ಉಳಿದ ಕಲ್ಲುಗಳು ಹಾಗೆಯೇ ಇರುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಸ್ಕ್ಯಾನಿಂಗ್ ವರದಿಯಲ್ಲಿ ‘ಮೂರು ನಾಲ್ಕು ಮಿಲಿಮೀಟರಿನ ಸಣ್ಣ ಕಲ್ಲುಗಳು’ ಎಂದು ಕಂಡರೆ ನಮ್ಮ ಜನ ನಿರಾಳವಾಗುತ್ತಾರೆ. ಪ್ಯಾಂಕ್ರಿಯಾಟೈಟಿಸ್ ವಿಷಯದಲ್ಲಿ ಲೆಕ್ಕ ಉಲ್ಟಾ. ದೊಡ್ಡ ಕಲ್ಲು ಚೀಲದ ಕತ್ತಿನಲ್ಲೇ ಉಳಿಯಬಹುದು. ನಾಳದೊಳಗೆ ಜಾರಿ ಕೆಳಗಿನ ಬಾಯನ್ನು ಮುಚ್ಚುವ ಸಾಧ್ಯತೆ ಹೆಚ್ಚಾಗಿರುವುದು ಸಣ್ಣ ಕಲ್ಲಿಗೆ. ವರದಿಯಲ್ಲಿ ‘ಸ್ಲಡ್ಜ್’ ಎಂದು ಬರೆಯುವ ಕೆಸರಿನಂಥ ಪಿತ್ತವೂ ಈ ಕೆಲಸ ಮಾಡಬಲ್ಲದು.

ಪ್ಯಾಂಕ್ರಿಯಾಟೈಟಿಸ್ ಎಂದು ಹೇಳಲು ಮೂರು ಲಕ್ಷಣಗಳಲ್ಲಿ ಎರಡು ಇರಬೇಕು: ಈ ಕಾಯಿಲೆಗೇ ಸಹಜವಾದ ಹೊಟ್ಟೆನೋವು, ರಕ್ತದಲ್ಲಿ ಈ ಗ್ರಂಥಿಯ ಕಿಣ್ವಗಳಾದ ಅಮೈಲೇಸ್ ಅಥವಾ ಲೈಪೇಸ್ ಪ್ರಮಾಣ ಸಾಮಾನ್ಯದ ಮೇಲ್ಮಿತಿಗಿಂತ ಮೂರು ಪಟ್ಟಾದರೂ ಏರಿರುವುದು, ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಊತ ಕಾಣುವುದು. ಕಾರಣ ಕಲ್ಲು ಎನ್ನಲು ಹೊಟ್ಟೆಯ ಅಲ್ಟ್ರಾಸೌಂಡ್ ಮುಖ್ಯ ಆಧಾರ. ಜೊತೆಗೆ ಮೊದಲ ಎರಡು ದಿನಗಳ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ 150ಕ್ಕಿಂತ ಮೇಲಿದ್ದರೆ ಕಲ್ಲಿನ ಕಡೆಗೇ ಬಲವಾದ ಅನುಮಾನ ಹೋಗುತ್ತದೆ. ಮದ್ಯಪಾನದಿಂದಲೂ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರಿದಾಗಲೂ ಇದೇ ಕಾಯಿಲೆ ಬರುತ್ತದೆ. ಅವರಲ್ಲಿ ಪಿತ್ತಕೋಶವನ್ನು ತೆಗೆದು ಉಪಯೋಗವಿಲ್ಲ. ಕುಡಿಯುವ ಅಭ್ಯಾಸವಿರುವ ಗಂಡಸಿಗೆ ಈ ನೋವು ಬಂದರೆ ಎಲ್ಲರೂ ಕುಡಿತವನ್ನೇ ದೂರುವುದರಿಂದ, ಅವರ ಪಿತ್ತಕೋಶದಲ್ಲೂ ಕಲ್ಲಿದೆಯೇ ಎಂದು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು. ಮೊದಲ ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಕಲ್ಲು ಕಾಣದೆ ಹೋಗಬಹುದು. ಬೇರೆ ಕಾರಣ ಸಿಗದಿದ್ದರೆ ಊತ ಇಳಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು.

ಎರಡನೆಯದು: ಸೌಮ್ಯವೋ ತೀವ್ರವೋ ಎಂದು ಕೇಳಿ

ಆಪರೇಷನ್ ಯಾವಾಗ ಎಂಬ ಪ್ರಶ್ನೆಗೆ ಉತ್ತರ ನಿಂತಿರುವುದು ಈ ಒಂದು ವಿಂಗಡಣೆಯ ಮೇಲೆ. 2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣವನ್ನು ವೈದ್ಯರು ಎಲ್ಲೆಡೆ ಬಳಸುತ್ತಾರೆ. ಯಾವ ಅಂಗವೂ ಕೈಕೊಡದೆ, ಗ್ರಂಥಿಯ ಸುತ್ತ ನೀರು ಕೂಡಿಕೊಳ್ಳುವುದು, ಗ್ರಂಥಿಯ ಭಾಗ ಸಾಯುವುದು ಮೊದಲಾದ ತೊಡಕುಗಳಿಲ್ಲದೆ ಇಳಿಯುವುದು ಸೌಮ್ಯ. ಉಸಿರಾಟ, ಮೂತ್ರಪಿಂಡ, ರಕ್ತದೊತ್ತಡ ಇವುಗಳಲ್ಲಿ ಯಾವುದಾದರೂ ಕೆಟ್ಟು 48 ಗಂಟೆಯೊಳಗೆ ಸರಿಹೋದರೆ, ಅಥವಾ ಗ್ರಂಥಿಯ ಸುತ್ತ ಮೇಲೆ ಹೇಳಿದ ತೊಡಕು ಕಂಡರೆ ಮಧ್ಯಮ. ಅಂಗ ವೈಫಲ್ಯ 48 ಗಂಟೆ ದಾಟಿಯೂ ಮುಂದುವರಿದರೆ ತೀವ್ರ. ಹೆಚ್ಚಿನ ರೋಗಿಗಳದು ಸೌಮ್ಯ ಬಗೆಯೇ.

ನೋವು ಎಷ್ಟಿತ್ತು ಎಂಬುದರಿಂದ ಇದನ್ನು ಅಳೆಯಲಾಗದು. ಸೌಮ್ಯ ಬಗೆಯಲ್ಲೂ ಮನುಷ್ಯ ಹಾಸಿಗೆಯ ಮೇಲೆ ಹೊರಳಾಡುತ್ತಾನೆ. ಅಮೈಲೇಸ್ ಸಂಖ್ಯೆಯಿಂದಲೂ ಅಳೆಯಲಾಗದು. ಎರಡು ಸಾವಿರ ಬಂದವರು ಮೂರನೇ ದಿನ ಎದ್ದು ಓಡಾಡಬಹುದು, ಐನೂರು ಬಂದವರು ಐಸಿಯು ಸೇರಬಹುದು. ಆದ್ದರಿಂದ ದಿನವೂ ಆ ಪರೀಕ್ಷೆ ಮಾಡಿಸಿ ‘ಎಷ್ಟು ಇಳಿಯಿತು’ ಎಂದು ಕೇಳುವುದಕ್ಕಿಂತ, ಆಸ್ಪತ್ರೆ ಸೇರಿದ ಮೂರನೇ ದಿನ ವೈದ್ಯರನ್ನು ನೇರವಾಗಿ ಕೇಳಿ: ‘ಡಾಕ್ಟರ್, ಇದು ಸೌಮ್ಯ ಬಗೆಯದೇ? ಗ್ರಂಥಿಯ ಸುತ್ತ ನೀರು ನಿಂತಿದೆಯೇ? ಕಿಡ್ನಿ, ಶ್ವಾಸಕೋಶ ಸರಿಯಿವೆಯೇ?’ ಎಲ್ಲರಿಗೂ ಸಿಟಿ ಸ್ಕ್ಯಾನ್ ಬೇಕಾಗುವುದಿಲ್ಲ. ಬೇಕಾದವರಿಗೂ ಮೊದಲ ದಿನವೇ ಮಾಡಿಸಿದರೆ ಹಾನಿಯ ಪೂರ್ಣ ಚಿತ್ರ ಕಾಣದಿರಬಹುದು. ಮೂರು ನಾಲ್ಕು ದಿನ ಕಳೆದ ಮೇಲಿನ ಸ್ಕ್ಯಾನ್ ಹೆಚ್ಚು ಹೇಳುತ್ತದೆ.

ಸೌಮ್ಯವಾದರೆ: ಅದೇ ದಾಖಲಾತಿಯಲ್ಲಿ ಆಪರೇಷನ್

ಸೌಮ್ಯ ಎಂದು ವೈದ್ಯರು ಹೇಳಿದರೆ, ಪಿತ್ತಕೋಶವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಬಾರದು ಎಂಬುದೇ ಇಂದಿನ ಶಿಫಾರಸು. ಇದಕ್ಕೆ ಗಟ್ಟಿ ಆಧಾರ ಒದಗಿಸಿದ್ದು ನೆದರ್ಲೆಂಡ್ಸ್‌ನ 23 ಆಸ್ಪತ್ರೆಗಳಲ್ಲಿ ನಡೆದು, 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ‘ಪೊಂಚೊ’ ಎಂಬ ಅಧ್ಯಯನ. ಸೌಮ್ಯ ಬಗೆಯ 266 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ದಿನದೊಳಗೆ ಅದೇ ದಾಖಲಾತಿಯಲ್ಲಿ, ಇನ್ನೊಂದಕ್ಕೆ 25ರಿಂದ 30 ದಿನ ಬಿಟ್ಟು ಪಿತ್ತಕೋಶ ತೆಗೆಯುವಂತೆ ಏರ್ಪಡಿಸಿದರು. ಆರು ತಿಂಗಳ ಅವಧಿಯಲ್ಲಿ ಕಲ್ಲಿನದೇ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಕಾಯ್ದ ಗುಂಪಿನಲ್ಲಿ ಶೇ. 17, ಕೂಡಲೇ ಮಾಡಿಸಿಕೊಂಡ ಗುಂಪಿನಲ್ಲಿ ಶೇ. 5. ಬೇಗ ಮಾಡಿದ್ದರಿಂದ ಆಪರೇಷನ್ ಹೆಚ್ಚು ಕಠಿಣವಾಗಲಿಲ್ಲ, ತೊಡಕುಗಳೂ ಹೆಚ್ಚಲಿಲ್ಲ.

ಈ ಅಂಕಿಗಳನ್ನು ನಮ್ಮ ಕಡೆಗೆ ತಂದು ನೋಡುವಾಗ ಒಂದು ವಿಷಯ ಮರೆಯಬಾರದು. ಅಲ್ಲಿ ಕಾಯ್ದವರಿಗೆ ನಿಗದಿಯಾದ ದಿನಾಂಕವಿತ್ತು, ಒಂದು ತಿಂಗಳಲ್ಲಿ ಆಪರೇಷನ್ ಆಗಬೇಕಿತ್ತು. ನಮ್ಮಲ್ಲಿ ‘ಆರು ವಾರ’ ಎಂದರೆ ಭತ್ತದ ನಾಟಿ ಮುಗಿಯಲಿ, ಹತ್ತಿ ಬಿಡಿಸುವ ಕೆಲಸ ಮುಗಿಯಲಿ, ಗವಿಮಠದ ಜಾತ್ರೆ ಕಳೆಯಲಿ, ಮನೆಯ ಮದುವೆಯೊಂದು ದಾಟಲಿ ಎಂದು ಆರು ತಿಂಗಳಾಗುತ್ತದೆ. ನೋವಿಲ್ಲದ ಮನುಷ್ಯ ತಾನಾಗಿ ಆಪರೇಷನ್‌ಗೆ ಹೋಗುವುದು ಕಷ್ಟ. ಸಿಂಧನೂರು ತಾಲ್ಲೂಕಿನ ನಮ್ಮ ಸೋದರತ್ತೆಯ ವಿಷಯದಲ್ಲಿ ನಾನು ಕಂಡದ್ದು ಇದನ್ನೇ. ಐದು ದಿನದಲ್ಲಿ ಗುಣವಾಗಿ ಮನೆಗೆ ಬಂದವರಿಗೆ ಮೂರನೇ ವಾರದಲ್ಲಿ ಮತ್ತೆ ಅದೇ ನೋವು ಬಂತು, ಎರಡನೆಯದು ಮೊದಲಿನಷ್ಟು ಸೌಮ್ಯವಾಗಿರಲಿಲ್ಲ, ಐಸಿಯು ವಾಸವೂ ಆಯಿತು. ಗ್ರಂಥಿಯ ಸುತ್ತ ನೀರು ನಿಂತಿದ್ದರಿಂದ ಆಪರೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು. ಮೊದಲ ಸಲವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಮನೆಯಲ್ಲಿ ನಾವು ಯಾರೂ ಕೇಳಿರಲಿಲ್ಲ.

ಹಾಗಾದರೆ ಆ ನಾಲ್ಕೈದು ದಿನಗಳಲ್ಲಿ ಯಾವ ದಿನ? ಪೊಂಚೊ ಅಧ್ಯಯನದಲ್ಲಿ ನೋಡಿದ ಸಂಗತಿಗಳು ಸರಳ: ಮಾರ್ಫಿನ್ ಬಗೆಯ ಬಲವಾದ ನೋವಿನ ಮದ್ದು ಬೇಕಾಗದಿರುವುದು, ಸಾಮಾನ್ಯ ಊಟ ಹೊಟ್ಟೆಯಲ್ಲಿ ನಿಲ್ಲುವುದು, ಉರಿಯೂತವನ್ನು ಅಳೆಯುವ ಸಿಆರ್‌ಪಿ ಪರೀಕ್ಷೆ 100ಕ್ಕಿಂತ ಕೆಳಗಿರುವುದು. ಅಮೈಲೇಸ್, ಲೈಪೇಸ್ ಪೂರ್ತಿ ಸಾಮಾನ್ಯಕ್ಕೆ ಬರುವವರೆಗೆ ಕಾಯಬೇಕಿಲ್ಲ. ಊಟದ ವಿಷಯದಲ್ಲೂ ಹಳೆಯ ಪದ್ಧತಿ ಬದಲಾಗಿದೆ. ದಿನಗಟ್ಟಲೆ ಬಾಯಿಗೆ ಏನೂ ಹಾಕದೆ ಇಡುವುದನ್ನು ಈಗ ಹೇಳುವುದಿಲ್ಲ. ವಾಂತಿ ನಿಂತು ಹಸಿವಾದ ಕೂಡಲೇ, ಸಾಧ್ಯವಾದರೆ ಮೊದಲ ದಿನದಲ್ಲೇ, ಕೊಬ್ಬಿಲ್ಲದ ಮೆತ್ತನೆಯ ಊಟ ಕೊಡುತ್ತಾರೆ. ಬೇಗ ಉಂಡವರು ಬೇಗ ಆಪರೇಷನ್‌ಗೆ ಸಿದ್ಧರಾಗುತ್ತಾರೆ.

‘ಒಳಗೆ ಊತ ಇರುವಾಗ ಕೈಹಾಕಬಾರದು’ ಎಂಬ ಮಾತನ್ನು ನೀವು ಮನೆಯ ಹಿರಿಯರಿಂದಷ್ಟೇ ಅಲ್ಲ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಕೇಳಬಹುದು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಕಾಲದಿಂದ ಬಂದ ಮಾತು ಅದು, ತೀವ್ರ ಬಗೆಯ ಮಟ್ಟಿಗೆ ಇಂದಿಗೂ ನಿಜ. ಸೌಮ್ಯ ಬಗೆಯಲ್ಲಿ ಊತ ಇರುವುದು ಗ್ರಂಥಿಯಲ್ಲಿ, ಕೆಲಸ ನಡೆಯುವುದು ಪಿತ್ತಕೋಶದಲ್ಲಿ. ಬೇಸಿಗೆಯ ಬಿಸಿಲಿಗೆ ಹೊಲಿಗೆ ಮಾಗುವುದಿಲ್ಲ ಎಂಬ ನಂಬಿಕೆ ರಾಯಚೂರು ಬಳ್ಳಾರಿ ಕಡೆ ಬಲವಾಗಿದೆ. ಅರ್ಧ ಇಂಚಿನ ನಾಲ್ಕು ರಂಧ್ರಗಳ ಆಪರೇಷನ್‌ಗಾಗಿ ಏಪ್ರಿಲ್‌ನಿಂದ ಜುಲೈವರೆಗೆ ಕಾಯುವುದು ನಷ್ಟದ ವ್ಯವಹಾರ. ಕಲ್ಲನ್ನಷ್ಟೇ ತೆಗೆದು ಚೀಲ ಉಳಿಸಿ ಎಂದು ಕೇಳುವವರೂ ಇದ್ದಾರೆ. ಕಲ್ಲು ಹುಟ್ಟಿದ ಚೀಲದಲ್ಲಿ ಮತ್ತೆ ಕಲ್ಲು ಹುಟ್ಟುವುದರಿಂದ ಚೀಲವನ್ನೇ ತೆಗೆಯುತ್ತಾರೆ. ಕಲ್ಲು ಕರಗಿಸುವ ಮಾತ್ರೆಗೆ ತಿಂಗಳುಗಳು ಬೇಕು, ಎಲ್ಲ ಕಲ್ಲೂ ಕರಗುವುದಿಲ್ಲ; ಒಮ್ಮೆ ಪ್ಯಾಂಕ್ರಿಯಾಟೈಟಿಸ್ ಬಂದವರಿಗೆ ಅಷ್ಟು ಸಮಯವಿಲ್ಲ. ಕಿಡ್ನಿ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸಕ್ಕೂ ಪಿತ್ತಕೋಶಕ್ಕೂ ಯಾವ ಸಂಬಂಧವೂ ಇಲ್ಲ.

ನಡುವೆ ಬರುವ ಇನ್ನೊಂದು ಪ್ರಶ್ನೆ: ನಾಳದಲ್ಲಿ ಕಲ್ಲು ಉಳಿದಿದೆಯೇ?

ಪಿತ್ತಕೋಶ ತೆಗೆಯುವ ಮೊದಲು ಕೆಳಗಿನ ನಾಳ ಖಾಲಿಯಿದೆಯೇ ಎಂಬುದನ್ನು ವೈದ್ಯರು ತಿಳಿಯಬೇಕಾಗುತ್ತದೆ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಪಿತ್ತದ ಹಳದಿ ಅಂಶ, ದಿನದಿನಕ್ಕೆ ಇಳಿಯುತ್ತಿದ್ದು, ಅಲ್ಟ್ರಾಸೌಂಡ್‌ನಲ್ಲಿ ನಾಳ ಅಗಲವಾಗಿರದಿದ್ದರೆ ಹೆಚ್ಚಿನ ಪರೀಕ್ಷೆ ಬೇಕಾಗದೆಯೂ ಹೋಗಬಹುದು. ಅನುಮಾನವಿದ್ದರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಮಾಡಿಸುತ್ತಾರೆ. ಅದರಲ್ಲಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ನಾಳದಲ್ಲಿ ಕಲ್ಲು ಖಚಿತವಾದರೆ ಇಆರ್‌ಸಿಪಿ, ಅಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳದ ಬಾಯನ್ನು ಸ್ವಲ್ಪ ಸೀಳಿ ಕಲ್ಲು ತೆಗೆಯುವ ವಿಧಾನ ಬೇಕಾಗುತ್ತದೆ.

ಇಆರ್‌ಸಿಪಿಯಿಂದಲೇ ಪ್ಯಾಂಕ್ರಿಯಾಟೈಟಿಸ್ ಬರುವ ಸಾಧ್ಯತೆಯೂ ಇರುವುದರಿಂದ, ಎಲ್ಲರಿಗೂ ಸುಮ್ಮನೆ ಮಾಡುವ ಪರೀಕ್ಷೆ ಅದಲ್ಲ. ಚಳಿಜ್ವರ, ಕಣ್ಣು ಹಳದಿಯಾಗುವುದು, ನೋವು ಇವು ನಾಳದಲ್ಲಿ ಸೋಂಕು ಹತ್ತಿರುವುದರ ಸೂಚನೆಗಳು; ಸೋಂಕಿದ್ದರೂ ಮೂರೂ ಒಟ್ಟಿಗೆ ಕಾಣದಿರಬಹುದು. ನಾಳದಲ್ಲಿ ಸೋಂಕಿದ್ದರೆ ಇಆರ್‌ಸಿಪಿಯನ್ನು 24 ಗಂಟೆಯೊಳಗೆ ಮಾಡಬೇಕು. ಅಂಥ ಸೋಂಕಿಲ್ಲದವರಲ್ಲಿ, ಕಾಯಿಲೆ ತೀವ್ರವಾಗುವಂತೆ ಕಂಡರೂ ತುರ್ತಾಗಿ ಇಆರ್‌ಸಿಪಿ ಮಾಡಿದರೆ ಲಾಭವಿಲ್ಲವೆಂದು 2020ರಲ್ಲಿ ಪ್ರಕಟವಾದ ಇನ್ನೊಂದು ಡಚ್ ಅಧ್ಯಯನ ತೋರಿಸಿದೆ.

ನಮ್ಮವರು ಎಡವುವ ಜಾಗ ಇದು: ಹೈದರಾಬಾದಿಗೋ ಹುಬ್ಬಳ್ಳಿಗೋ ಹೋಗಿ ಇಆರ್‌ಸಿಪಿ ಮಾಡಿಸಿಕೊಂಡು, ‘ಕಲ್ಲು ತೆಗೆದಾಯಿತು’ ಎಂದು ಮರಳಿಬಿಡುತ್ತಾರೆ. ತೆಗೆದದ್ದು ನಾಳದ ಕಲ್ಲು. ಚೀಲದ ಕಲ್ಲುಗಳು ಅಲ್ಲೇ ಇವೆ. ನಾಳದ ಬಾಯಿ ಸೀಳಿದ್ದರಿಂದ ಪ್ಯಾಂಕ್ರಿಯಾಟೈಟಿಸ್ ಮರಳುವ ಅಪಾಯ ಕಡಿಮೆಯಾಗುತ್ತದೆ ನಿಜ, ಆದರೆ ಪಿತ್ತಕೋಶದ ನೋವು, ಅದರ ಸೋಂಕು ಬರುವುದು ತಪ್ಪುವುದಿಲ್ಲ. ಆದ್ದರಿಂದ ಇಆರ್‌ಸಿಪಿಗೆ ದೊಡ್ಡ ಊರಿಗೆ ಕಳಿಸುವಾಗಲೇ ‘ಪಿತ್ತಕೋಶವನ್ನೂ ಅಲ್ಲೇ ತೆಗೆಸಿಕೊಂಡು ಬರುವುದೋ, ಇಲ್ಲಿಗೆ ಮರಳಿ ಬರುವುದೋ’ ಎಂದು ಇತ್ಯರ್ಥ ಮಾಡಿಕೊಳ್ಳಿ. ಎರಡೂ ಒಂದೇ ದಾಖಲಾತಿಯಲ್ಲಿ ಆಗುವುದು ಉತ್ತಮ.

ತೀವ್ರವಾದರೆ: ಕಾಯುವುದೇ ಚಿಕಿತ್ಸೆಯ ಭಾಗ

ಗ್ರಂಥಿಯ ಭಾಗ ಕೊಳೆತಿದ್ದರೆ, ಸುತ್ತ ನೀರು ಕೂಡಿಕೊಂಡಿದ್ದರೆ, ಅಂಗಗಳು ಕೈಕೊಟ್ಟಿದ್ದರೆ ಮೇಲೆ ಹೇಳಿದ ಅವಸರವೆಲ್ಲ ತಿರುವುಮುರುವಾಗುತ್ತದೆ. ಆ ಸ್ಥಿತಿಯಲ್ಲಿ ಪಿತ್ತಕೋಶಕ್ಕೆ ಕೈಹಾಕಿದರೆ, ಅದುವರೆಗೆ ಸೋಂಕಿಲ್ಲದೆ ನಿಂತಿದ್ದ ದ್ರವಕ್ಕೆ ಸೋಂಕು ತಗಲಬಹುದು, ರಕ್ತಸ್ರಾವವಾಗಬಹುದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು: ಕೂಡಿಕೊಂಡ ದ್ರವ ಕರಗುವವರೆಗೆ, ಇಲ್ಲವೇ ಆರು ವಾರ ಕಳೆದೂ ಉಳಿದಿದ್ದರೆ ಆಪರೇಷನ್ ಸುರಕ್ಷಿತವೆಂದು ಕಾಣುವವರೆಗೆ ಕಾಯಬೇಕು. ಡಿಸ್ಚಾರ್ಜ್ ಕಾಗದದ ‘ಆರು ವಾರ’ ಈ ರೋಗಿಗಳಿಗಾಗಿ ಹುಟ್ಟಿದ್ದು. ಸೌಮ್ಯ ಬಗೆಯವರ ಕಾಗದದ ಮೇಲೆ ಅದು ರೂಢಿಯಿಂದ ಬಂದು ಕೂತಿದೆ ಎಂಬುದು ನನ್ನ ಅಂದಾಜು.

ಆದರೆ ಕಾಯುವುದಕ್ಕೂ ಒಂದು ಕೊನೆಯಿದೆ. ತಿಂಗಳಾನುಗಟ್ಟಲೆ ಮುಂದೂಡಿದರೆ ಈ ಗುಂಪಿನವರಿಗೂ ಎರಡನೇ ಸಲ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ. ದ್ರವ ಉಳಿದಿಲ್ಲವೆಂದು ಸ್ಕ್ಯಾನ್‌ನಲ್ಲಿ ಕಂಡರೆ, ಡಿಸ್ಚಾರ್ಜ್ ಆದ ಎಂಟು ವಾರಗಳೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದೆಂದು 2022ರ ಡಚ್ ಅಧ್ಯಯನವೊಂದು ಸೂಚಿಸಿದೆ. ಹೀಗಾಗಿ ತೀವ್ರ ಬಗೆಯವರು ಮನೆಗೆ ಹೊರಡುವಾಗ ಮುಂದಿನ ಸ್ಕ್ಯಾನ್ ಯಾವ ದಿನ, ಎಲ್ಲಿ, ಆ ವರದಿಯನ್ನು ಯಾವ ಸರ್ಜನ್‌ಗೆ ತೋರಿಸಬೇಕು ಎಂಬ ಮೂರನ್ನೂ ಬರೆಸಿಕೊಳ್ಳಬೇಕು. ಈ ಕಾಯಿಲೆಯ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗುವುದೂ ಇರುವುದರಿಂದ, ಅದೇ ಭೇಟಿಯಲ್ಲಿ ರಕ್ತದ ಸಕ್ಕರೆಯನ್ನೂ ನೋಡಿಸಿ.

ಗರ್ಭಿಣಿಯರು, ವಯಸ್ಸಾದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು

ಗರ್ಭಿಣಿಯರಲ್ಲಿ ಕಲ್ಲಿನ ತೊಂದರೆ ಅಪರೂಪವಲ್ಲ. ಹೆರಿಗೆಯವರೆಗೆ ತಡೆಯೋಣ ಎಂಬುದು ಮನೆಯವರ ಮೊದಲ ಮಾತು. ಆದರೆ ಕಾಯಿಲೆ ಮರಳಿದರೆ ತಾಯಿಗೂ ಮಗುವಿಗೂ ಆಗುವ ಅಪಾಯ ಆಪರೇಷನ್‌ನದಕ್ಕಿಂತ ಹೆಚ್ಚಾಗಬಹುದು. ನಾಲ್ಕರಿಂದ ಆರನೇ ತಿಂಗಳ ನಡುವಿನ ಅವಧಿ ಇದಕ್ಕೆ ಅನುಕೂಲವೆಂದು ಪರಿಗಣಿಸುತ್ತಾರೆ. ಹೆರಿಗೆ ವೈದ್ಯರೂ ಸರ್ಜನ್ನರೂ ಕೂಡಿ ನಿರ್ಧರಿಸುವ ಆಸ್ಪತ್ರೆಗೆ ಹೋಗಿ.

ಹೃದಯ ಅಥವಾ ಶ್ವಾಸಕೋಶ ದುರ್ಬಲವಾಗಿದ್ದು ಅನಸ್ತೇಸಿಯಾ ತಾಳಲಾರದ ವೃದ್ಧರಿಗೆ ಇಆರ್‌ಸಿಪಿಯಲ್ಲಿ ನಾಳದ ಬಾಯಿ ಸೀಳುವುದೊಂದೇ ಪರ್ಯಾಯವಾಗಿ ಉಳಿಯಬಹುದು. ವಯಸ್ಸು ಎಪ್ಪತ್ತಾಯಿತು ಎಂಬುದೊಂದೇ ಆಪರೇಷನ್ ಬೇಡವೆನ್ನಲು ಕಾರಣವಾಗದು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆಗಿದ್ದವರು ತಾವು ನುಂಗುವ ಮಾತ್ರೆಗಳ ಹಾಳೆಗಳನ್ನೇ ತಂದು ತೋರಿಸಬೇಕು. ಕೆಲವನ್ನು ಆಪರೇಷನ್‌ಗೆ ಐದಾರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಕೆಲವನ್ನು ನಿಲ್ಲಿಸಲೇಬಾರದು. ಅದನ್ನು ವೈದ್ಯರು ಹೇಳಲಿ.

ಏರ್ಪಾಡು: ಮೊದಲ ದಿನದಿಂದಲೇ ಶುರು ಮಾಡಿ

ಸೌಮ್ಯ ಬಗೆಯವರಿಗೂ ಅದೇ ದಾಖಲಾತಿಯಲ್ಲಿ ಆಪರೇಷನ್ ಆಗದೆ ಹೋಗುವುದು ಹಲವು ಸಲ ವೈದ್ಯಕೀಯ ಕಾರಣದಿಂದಲ್ಲ. ಸಮಯಕ್ಕೆ ಕಾಗದ ಸಿದ್ಧವಾಗದೆ, ಥಿಯೇಟರಿನ ಪಟ್ಟಿಯಲ್ಲಿ ಹೆಸರು ಸೇರದೆ. ರೋಗಿ ಮೆಡಿಸಿನ್ ವಿಭಾಗದಲ್ಲಿ ದಾಖಲಾಗಿದ್ದರೆ ಸರ್ಜರಿ ವಿಭಾಗದವರು ಅವರನ್ನು ನೋಡಿಯೇ ಇರದಿರಬಹುದು. ಹಾಗಾಗಿ ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಂಡ ದಿನವೇ ‘ಸರ್ಜನ್ ಅಭಿಪ್ರಾಯ ಕೇಳಿದ್ದೀರಾ?’ ಎಂದು ವಿಚಾರಿಸಿ. ಸರ್ಜನ್ ಒಪ್ಪಿದ ಕೂಡಲೇ ‘ಫಿಟ್‌ನೆಸ್’ ಎಂದು ಎಲ್ಲರೂ ಕರೆಯುವ ಅನಸ್ತೇಸಿಯಾ ತಪಾಸಣೆಗೆ ಬೇಕಾದ ಇಸಿಜಿ, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು, ವಯಸ್ಸಾದವರಾದರೆ ಹೃದಯದ ಸ್ಕ್ಯಾನ್ ಆದ ಎಕೋವನ್ನು, ನೋವು ಪೂರ್ತಿ ಇಳಿಯಲೆಂದು ಕಾಯದೆ ಆಸ್ಪತ್ರೆ ವಾಸದ ಎರಡನೇ ಮೂರನೇ ದಿನವೇ ಮುಗಿಸಿಕೊಳ್ಳಿ. ಆ ಘಟಕದ ಥಿಯೇಟರ್ ದಿನ ವಾರದಲ್ಲಿ ಯಾವುದು ಎಂದು ವಾರ್ಡಿನ ಸಿಸ್ಟರನ್ನು ಕೇಳಿದರೆ ಹೇಳುತ್ತಾರೆ. ಒಂದು ದಿನ ತಪ್ಪಿದರೆ ಮೂರು ನಾಲ್ಕು ದಿನ ಕಾಯಬೇಕಾಗಿ, ಅಷ್ಟರಲ್ಲಿ ‘ಮನೆಗೆ ಹೋಗಿ ಬನ್ನಿ’ ಎಂಬ ಮಾತು ಬರುತ್ತದೆ.

ನಮ್ಮ ಕಡೆಯ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ: ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವುದು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವು ಸಿಗುತ್ತದೆ. ರೇಷನ್ ಕಾರ್ಡ್ ಮತ್ತು ಆಧಾರ್ ದಾಖಲಾದ ದಿನವೇ ಜೊತೆಗಿರಲಿ. ತುರ್ತು ಸ್ಥಿತಿಯನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆಯ ಲಾಭ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಖಾಸಗಿಯಲ್ಲಿ ದಾಖಲಾಗಿ ನೋವಿನ ಚಿಕಿತ್ಸೆ ಮುಗಿದ ಮೇಲೆ ಆ ಪತ್ರಕ್ಕಾಗಿ ಓಡಾಡುವುದಕ್ಕಿಂತ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಮೊದಲೇ ಕಂಡು ‘ಇದೇ ದಾಖಲಾತಿಯಲ್ಲಿ ಪಿತ್ತಕೋಶದ ಆಪರೇಷನ್‌ಗೂ ಮಂಜೂರಾತಿ ಬೇಕು’ ಎಂದು ಹೇಳಿ. ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರು ಇಎಸ್‌ಐ ಅಥವಾ ಕಂಪನಿಯ ವಿಮೆಯ ಕಾಗದವನ್ನು ಅದೇ ರೀತಿ ಮೊದಲೇ ತೋರಿಸಬೇಕು.

ಇಷ್ಟೆಲ್ಲ ಮಾಡಿಯೂ ಆಗಲಿಲ್ಲವೆನ್ನಿ. ಆಗ ಬಾಯಿಮಾತಿನ ‘ಆಮೇಲೆ ಬನ್ನಿ’ಗೆ ಒಪ್ಪಿ ಹೊರಡಬೇಡಿ. ಎರಡು ವಾರದೊಳಗಿನ ಒಂದು ದಿನಾಂಕವನ್ನು ಡಿಸ್ಚಾರ್ಜ್ ಕಾಗದದ ಮೇಲೆ ಬರೆಸಿಕೊಳ್ಳಿ. ಅದೇ ದಾಖಲಾತಿಯಲ್ಲಿ ಸಾಧ್ಯವಾಗದಿದ್ದರೆ ಎರಡು ವಾರದೊಳಗೆ ಎಂಬುದು ಬ್ರಿಟನ್ನಿನ ಮಾರ್ಗಸೂಚಿಯಲ್ಲೂ ಇರುವ ಗಡುವು. ಅಷ್ಟರಲ್ಲಿ ದಿನ ಸಿಗುವುದಿಲ್ಲವೆಂದರೆ, ಮಾಡಬಲ್ಲ ಇನ್ನೊಂದು ಆಸ್ಪತ್ರೆಗೆ ಪತ್ರ ಕೊಡಿ ಎಂದು ವಿನಯದಿಂದಲೇ ಕೇಳಬಹುದು. ಸ್ಕ್ಯಾನ್‌ಗಳ ಸಿಡಿ ಮತ್ತು ರಕ್ತಪರೀಕ್ಷೆಯ ಎಲ್ಲ ಪ್ರತಿಗಳನ್ನು ಕೇಳಿ ಪಡೆಯಿರಿ, ಇಲ್ಲದಿದ್ದರೆ ಹೊಸ ಆಸ್ಪತ್ರೆಯಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಮನೆಯಲ್ಲಿ ಕಾಯುವ ದಿನಗಳಲ್ಲಿ

ಕೊಬ್ಬಿನ ಊಟ ಹೊಟ್ಟೆಗೆ ಬಿದ್ದಾಗ ಪಿತ್ತಕೋಶ ಜೋರಾಗಿ ಹಿಂಡಿಕೊಳ್ಳುತ್ತದೆ. ಜೋಳದ ರೊಟ್ಟಿ, ನುಚ್ಚು, ಎಣ್ಣೆ ಕಡಿಮೆ ಹಾಕಿದ ಪಲ್ಯ, ಬೇಳೆಕಟ್ಟು, ನೀರು ಮಜ್ಜಿಗೆ ಇವಕ್ಕೆ ಅಡ್ಡಿಯಿಲ್ಲ. ಸಂಜೆಯ ಮಿರ್ಚಿ ಬಜ್ಜಿ, ರೊಟ್ಟಿಯ ಮೇಲೆ ಹಾಕಿಕೊಳ್ಳುವ ಬೆಣ್ಣೆ, ಶೇಂಗಾ ಚಟ್ನಿಗೆ ಸುರಿದುಕೊಳ್ಳುವ ಎಣ್ಣೆ ಇವನ್ನು ಬಿಡಬೇಕು. ಇದರಿಂದ ನೋವು ಬರುವುದು ಕಡಿಮೆಯಾಗಬಹುದೇ ಹೊರತು ಕಲ್ಲು ಜಾರುವುದಿಲ್ಲವೆಂಬ ಭರವಸೆಯಿಲ್ಲ. ಪಥ್ಯ ಚೆನ್ನಾಗಿ ನಡೆದಿದೆ ಎಂದು ಆಪರೇಷನ್ ದಿನ ಮುಂದೂಡಬಾರದು. ಇಡೀ ದಿನ ಉಪವಾಸ ಮಾಡುವುದೂ ಬೇಡ, ಖಾಲಿ ಹೊಟ್ಟೆಯಲ್ಲಿ ಪಿತ್ತ ಚೀಲದಲ್ಲೇ ನಿಂತು ಗಟ್ಟಿಯಾಗುತ್ತದೆ. ವಾರದ ವ್ರತ, ರೋಜಾ ಹಿಡಿಯುವವರು ಈ ಕೆಲವು ವಾರಗಳ ಮಟ್ಟಿಗೆ ವೈದ್ಯರನ್ನು ಕೇಳಿ.

ಬೆನ್ನಿಗೆ ಹಾಯುವ ನೋವು ಮತ್ತೆ ಶುರುವಾಗಿ ಗಂಟೆಗಳಾದರೂ ನಿಲ್ಲದಿದ್ದರೆ, ಚಳಿ ನಡುಕದ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಗಾಢ ಹಳದಿಯಾದರೆ, ವಾಂತಿ ನಿಲ್ಲದೆ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಬೆಳಗಾಗುವುದನ್ನು ಕಾಯಬೇಡಿ. ಊರಿನಿಂದ ಆಸ್ಪತ್ರೆ ದೂರವಿದ್ದರೆ 108ಕ್ಕೆ ಕರೆ ಮಾಡಿ, ಹಳೆಯ ಡಿಸ್ಚಾರ್ಜ್ ಕಾಗದವನ್ನು ಜೊತೆಗೆ ಒಯ್ಯಿರಿ.

ಆಪರೇಷನ್ ದಿನ ಮತ್ತು ನಂತರ

ಪೂರ್ಣ ಅನಸ್ತೇಸಿಯಾ ಕೊಟ್ಟು, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ನೋಡಿಕೊಂಡು ಪಿತ್ತಕೋಶವನ್ನು ತೆಗೆಯುತ್ತಾರೆ. ಒಳಗೆ ಅಂಟಿಕೊಂಡಿದ್ದು ನಾಳ ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮುಂದುವರಿಸಬೇಕಾಗಬಹುದು. ಒಪ್ಪಿಗೆ ಪತ್ರದಲ್ಲಿ ಆ ಮಾತು ಇರುತ್ತದೆ. ಹಾಗಾದರೆ ಅದು ಸರ್ಜನ್ನರ ಸೋಲೆಂದು ತಿಳಿಯಬೇಡಿ, ಪಿತ್ತನಾಳಕ್ಕೆ ಪೆಟ್ಟಾಗುವುದನ್ನು ತಪ್ಪಿಸಲು ತೆಗೆದುಕೊಳ್ಳುವ ತೀರ್ಮಾನ ಅದು.

ತೊಡಕಿಲ್ಲದಿದ್ದರೆ ಅದೇ ಸಂಜೆ ಅಥವಾ ಮರುದಿನ ಊಟ, ಒಂದೆರಡು ದಿನದಲ್ಲಿ ಮನೆ. ಹೆಗಲಲ್ಲಿ ನೋವು ಬಂದರೆ ಗಾಬರಿ ಬೇಡ, ಒಳಗುಳಿದ ಅನಿಲದಿಂದ ಹಾಗಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಲಿವರ್ ಪಿತ್ತವನ್ನು ತಯಾರಿಸುತ್ತಲೇ ಇರುವುದರಿಂದ ಜೀರ್ಣಕ್ರಿಯೆಗೆ ಭಂಗವಿಲ್ಲ. ಕೆಲವರಿಗೆ ಕೆಲವು ವಾರ ಮಲ ಸಡಿಲವಾಗಬಹುದು. ನೀರಿನ ಕೊಡ, ಹುಲ್ಲಿನ ಹೊರೆ, ಗೊಬ್ಬರದ ಚೀಲ ಎತ್ತುವುದನ್ನು ಸರ್ಜನ್ ಹೇಳುವವರೆಗೆ ಬಿಡಬೇಕು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬುತ್ತಾ ಹೋಗುವುದು, ಜ್ವರ, ಕಣ್ಣು ಹಳದಿಯಾಗುವುದು, ದಿನದಿನಕ್ಕೆ ಇಳಿಯಬೇಕಾದ ನೋವು ಏರುವುದು ಕಂಡರೆ ಹೊಲಿಗೆ ತೆಗೆಸುವ ದಿನದವರೆಗೆ ತಡೆಯದೆ ಅದೇ ಆಸ್ಪತ್ರೆಗೆ ಮರಳಿ.

ತೆಗೆದ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ, ಅದು ನೆಂಟರಿಗೆಲ್ಲ ತೋರಿಸಲು ಮನೆಯ ಕಿಟಕಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಚೀಲದ ತುಣುಕನ್ನು ಪರೀಕ್ಷೆಗೆ ಕಳಿಸಿದ ವರದಿ, ಜನ ಬಯಾಪ್ಸಿ ವರದಿ ಎನ್ನುವುದು. ಕಲ್ಲಿದ್ದ ಪಿತ್ತಕೋಶದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುವುದುಂಟು, ಅದು ಗೊತ್ತಾಗುವುದು ಈ ವರದಿಯಲ್ಲೇ. ಡಿಸ್ಚಾರ್ಜ್ ದಿನ ಅದು ಬಂದಿರುವುದಿಲ್ಲವಾದ್ದರಿಂದ, ಹೊಲಿಗೆ ತೋರಿಸಲು ಹೋದ ದಿನವೇ ಲ್ಯಾಬಿನಲ್ಲಿ ಕೇಳಿ ಪಡೆದು, ಸರ್ಜನ್ನರಿಗೆ ತೋರಿಸಿಯೇ ಊರಿನ ಬಸ್ಸು ಹತ್ತಿ.